ಮೆಟ್ರೊ ಸುರಂಗದ ಹೆದರಿಕೆ: ಗಡಿಯಾರ ಹಿಡಿದು ಮಾಡುವ ಆರು ವಾರದ ಅಭ್ಯಾಸ

ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಯವರೆಗೆ ಆರಾಮಾಗಿ ಬಂದು, ಅಲ್ಲಿ ಇಳಿದು ಮೆಜೆಸ್ಟಿಕ್ಕಿಗೆ ಆಟೊ ಹಿಡಿಯುವವರು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ರೈಲಿನ ಭಯವಿಲ್ಲ, ಎತ್ತರದ ಭಯವೂ ಇಲ್ಲ. ಮುಂದಿನ ನಿಲ್ದಾಣ ಕಬ್ಬನ್ ಪಾರ್ಕ್ ನೆಲದ ಕೆಳಗಿದೆ, ತೊಂದರೆ ಅಷ್ಟೇ. ಏನಾಗುತ್ತೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: "ಒಳಗೆ ಹೋದ್ರೆ ಹೊತ್ತೇ ಹೋಗಲ್ಲ. ಭಯ ಏರ್ತಾನೇ ಇರುತ್ತೆ, ನಿಲ್ಲೋದೇ ಇಲ್ಲ." ಈ ಮಾತಿನೊಳಗೆ ಎರಡು ನಂಬಿಕೆಗಳಿವೆ. ಹೊತ್ತು ನಿಂತುಬಿಡುತ್ತದೆ ಎನ್ನುವುದು ಒಂದು, ಭಯಕ್ಕೆ ಮೇಲ್ಮಿತಿಯೇ ಇಲ್ಲ ಎನ್ನುವುದು ಇನ್ನೊಂದು. ಎರಡನ್ನೂ ಒಂದು ಕೈಗಡಿಯಾರ, ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಅಳೆದು ನೋಡಬಹುದು. ಅಳೆಯುತ್ತ ಅಳೆಯುತ್ತಲೇ ಹೆದರಿಕೆ ಸಡಿಲವಾಗುತ್ತದೆ.

ಇಲ್ಲಿ ಸುರಂಗವನ್ನು ಉದಾಹರಣೆಯಾಗಿ ಹಿಡಿದಿದ್ದೇವೆ. ಲಿಫ್ಟ್, ಫ್ಲೈಓವರ್ ಮೇಲೆ ಗಾಡಿ ಓಡಿಸುವುದು, ಎಂ.ಆರ್.ಐ. ಯಂತ್ರ, ಜನ ತುಂಬಿದ ಕಲ್ಯಾಣಮಂಟಪ, ಇವುಗಳಿಗೂ ಕ್ರಮ ಇದೇ. ಮೆಟ್ಟಿಲುಗಳನ್ನು ಮಾತ್ರ ನೀವು ಬದಲಿಸಿಕೊಳ್ಳಬೇಕು. ವೈದ್ಯರು ಇದನ್ನು ಎಕ್ಸ್‌ಪೋಶರ್ ಎನ್ನುತ್ತಾರೆ. ಹೆದರಿಕೆ ಹುಟ್ಟಿಸುವ ಜಾಗಕ್ಕೆ ಅಳತೆಯಲ್ಲಿ, ಮತ್ತೆ ಮತ್ತೆ, ಸಾಕಷ್ಟು ಹೊತ್ತು ಹೋಗಿ ನಿಲ್ಲುವುದು ಅದರ ತಿರುಳು. ನಿರ್ದಿಷ್ಟ ವಸ್ತು ಅಥವಾ ಜಾಗದ ಭಯಕ್ಕೆ ಇದಕ್ಕಿಂತ ಗಟ್ಟಿಯಾದ ಮದ್ದು ಇನ್ನೊಂದಿಲ್ಲ.

ಮೊದಲು ದೇಹವನ್ನು ತೋರಿಸಿಕೊಳ್ಳಿ

ಎದೆ ಡವಗುಟ್ಟುವುದು, ಬೆವರು, ಕೈನಡುಕ ಎಲ್ಲವೂ ಭಯದಿಂದಲೇ ಬರುತ್ತವೆ ಎಂದು ನೀವೇ ತೀರ್ಮಾನಿಸಬೇಡಿ. ಥೈರಾಯ್ಡ್ ಹೆಚ್ಚಾಗಿದ್ದರೆ, ರಕ್ತಹೀನತೆ ಇದ್ದರೆ, ಹೃದಯದ ಬಡಿತದಲ್ಲಿ ಏರುಪೇರು ಇದ್ದರೆ, ಸಕ್ಕರೆ ಮಟ್ಟ ಕುಸಿದರೆ ಇದೇ ಲಕ್ಷಣಗಳು ಬರುತ್ತವೆ. ಮನೆ ಹತ್ತಿರದ ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ, ಥೈರಾಯ್ಡ್, ಇ.ಸಿ.ಜಿ. ಒಮ್ಮೆ ಮಾಡಿಸಿ. ಒಮ್ಮೆ ಸಾಕು. ಪ್ರತಿ ತಿಂಗಳೂ ಇ.ಸಿ.ಜಿ. ಮಾಡಿಸಿಕೊಳ್ಳುವುದು ಭಯವೇ ಬೇರೆ ವೇಷದಲ್ಲಿ ಬಂದಂತೆ. ಎದೆಯ ಮೇಲೆ ಭಾರ ಇಟ್ಟಂಥ ನೋವು ಎಡಗೈಗೋ ದವಡೆಗೋ ಹರಡಿದರೆ ಈ ಬರಹ ಬದಿಗಿಟ್ಟು 108ಕ್ಕೆ ಫೋನ್ ಮಾಡಿ.

ಹೃದ್ರೋಗ, ಉಬ್ಬಸ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಂದೆ ಹೇಳುವ ಉಸಿರಿನ ಮತ್ತು ಓಟದ ಅಭ್ಯಾಸಗಳನ್ನು ಮಾಡಬಾರದು. ಅಪಘಾತ, ಹಲ್ಲೆಯಂಥ ಘಟನೆಯ ನಂತರ ಹುಟ್ಟಿದ ಭಯ, ಸಾಯಬೇಕು ಎನ್ನುವ ಯೋಚನೆ ಜೊತೆಗಿರುವ ಭಯ, ಕುಡಿತದ ಜೊತೆ ಬೆಳೆದ ಭಯ, ಇವುಗಳಿಗೆ ಒಬ್ಬರೇ ಮಾಡುವ ಅಭ್ಯಾಸ ಸಾಲದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹೊರರೋಗಿ ವಿಭಾಗವಿದೆ. 14416 ಟೆಲಿ-ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಭಯದಲ್ಲಿ ಹೊತ್ತು ಹಿಗ್ಗುವುದು ಹೇಗೆ

ಕಾಯುವವರಿಗೆ ಹೊತ್ತು ಹೋಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಹೊತ್ತಿನ ಕಡೆ ಗಮನ ಕೊಟ್ಟಷ್ಟೂ ಅದು ಉದ್ದವಾಗುತ್ತದೆ. ಹೆದರಿದವರು ಇನ್ನೂ ಎಷ್ಟು ಉಳಿದಿದೆ ಎಂದು ಸೆಕೆಂಡು ಸೆಕೆಂಡಿಗೂ ಲೆಕ್ಕ ಹಾಕುತ್ತಿರುತ್ತಾರೆ. ಜೇಡಕ್ಕೆ ವಿಪರೀತ ಹೆದರುವವರ ಮೇಲೆ 1984ರಲ್ಲಿ ಒಂದು ಅಧ್ಯಯನ ನಡೆದಿತ್ತು. ಜೇಡ ಎದುರಿಗಿದ್ದಾಗ 45 ಸೆಕೆಂಡಿನ ಅವಧಿ ಅವರಿಗೆ ಉಳಿದವರಿಗಿಂತ ಉದ್ದವಾಗಿ ಕಂಡಿತ್ತು.

ಇನ್ನೊಂದು ಕಾರಣ ನೆನಪಿನಲ್ಲಿದೆ. ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು 31 ಮೀಟರ್ ಎತ್ತರದಿಂದ ಹಗ್ಗವಿಲ್ಲದೆ ಕೆಳಗಿನ ಬಲೆಗೆ ಬೀಳಿಸಿದ್ದರು. ಬಿದ್ದವರು ತಮ್ಮ ಬೀಳುವಿಕೆಯ ಅವಧಿಯನ್ನು, ಬೇರೆಯವರು ಬೀಳುವುದನ್ನು ನೋಡಿ ಅಂದಾಜಿಸಿದ್ದಕ್ಕಿಂತ ಸರಾಸರಿ ಶೇ 36ರಷ್ಟು ಹೆಚ್ಚಾಗಿ ಹೇಳಿದರು. ಬೀಳುವಾಗ ಅವರ ಮಣಿಕಟ್ಟಿಗೆ ಅಂಕಿಗಳನ್ನು ಬಲು ವೇಗವಾಗಿ ಮಿನುಗಿಸುವ ಸಾಧನ ಕಟ್ಟಿದ್ದರು. ನಿಜಕ್ಕೂ ಕಾಲ ನಿಧಾನವಾಗಿ ಕಂಡಿದ್ದರೆ ಆ ಅಂಕಿಗಳನ್ನು ಓದಲು ಆಗಬೇಕಿತ್ತು. ಆಗಲಿಲ್ಲ. ಆ ಕ್ಷಣದಲ್ಲಿ ಕಾಲ ನಿಧಾನವಾಗಲಿಲ್ಲ, ಆಮೇಲಿನ ನೆನಪು ಉದ್ದವಾಯಿತು ಎಂದು ಅವರು ತೀರ್ಮಾನಿಸಿದರು. ಭಯದ ಹೊತ್ತಿನಲ್ಲಿ ನೆನಪು ಒತ್ತೊತ್ತಾಗಿ ತುಂಬಿಕೊಳ್ಳುತ್ತದೆ. ಹಿಂದಿರುಗಿ ನೋಡಿದಾಗ ಅಷ್ಟೆಲ್ಲ ನೆನಪು ಹಿಡಿಸಲು ಬಹಳ ಹೊತ್ತೇ ಆಗಿರಬೇಕು ಅನ್ನಿಸುತ್ತದೆ.

ಇದನ್ನು ಸುರಂಗಕ್ಕೆ ಹೊಂದಿಸಿ ನೋಡಿ. ಕಳೆದ ಸಲ ಒಳಗೆ ಅರ್ಧ ಗಂಟೆ ನರಳಿದ ನೆನಪಿದ್ದರೆ ಅದು ಸುಳ್ಳು ಹೇಳಿದ್ದಲ್ಲ, ನೆನಪಿಗೆ ಹಾಗೇ ದಾಖಲಾಗಿದೆ. ಆದರೆ ನೇರಳೆ ಮಾರ್ಗದ ಸುರಂಗ ಭಾಗ 4.8 ಕಿಲೊಮೀಟರ್ ಮಾತ್ರ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ, ಈ ಐದೇ ನಿಲ್ದಾಣ ನೆಲದಡಿ ಇರುವುದು. ಎಂ.ಜಿ. ರಸ್ತೆ ಬಿಟ್ಟು ಮಾಗಡಿ ರಸ್ತೆಯಲ್ಲಿ ಮತ್ತೆ ಬಿಸಿಲು ಕಾಣುವುದಕ್ಕೆ 10ರಿಂದ 15 ನಿಮಿಷ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸುಮಾರು 2 ನಿಮಿಷ. ಮುಂದಿನ ಸಲ ಏನಾಗುತ್ತದೆ ಎನ್ನುವುದನ್ನು ಮನಸ್ಸು ಆ ಹಿಗ್ಗಿದ ನೆನಪಿನಿಂದಲೇ ಲೆಕ್ಕ ಹಾಕುವುದರಿಂದ, ನಿಜವಾದ ನಿಮಿಷಗಳನ್ನು ಅದರ ಮುಂದೆ ಬರೆದಿಡುವುದು ಅಗತ್ಯ.

ಭಯ ಏರಿ ಇಳಿಯುವ ಬಗೆ

ಗಾಬರಿ ಹುಟ್ಟಿದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಅದು ರಕ್ತದಲ್ಲಿ ಬಹಳ ಹೊತ್ತು ಉಳಿಯುವ ವಸ್ತುವಲ್ಲ, ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ತೀವ್ರ ಗಾಬರಿ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಕಾಲಲ್ಲಿ ಬಲವಿಲ್ಲದಂತೆ ಆಗುವುದು, ಸುಸ್ತು, ಇವು ಮತ್ತೆ ಅರ್ಧ ಮುಕ್ಕಾಲು ಗಂಟೆ ಉಳಿಯಬಹುದು. ಮತ್ತೆ ಮತ್ತೆ "ಅಯ್ಯೋ ಏನಾಗ್ತಿದೆ" ಎಂದು ಹೆದರಿದರೆ ಹೊಸ ಅಡ್ರಿನಲಿನ್ ಬರುತ್ತದೆ, ಅಲೆ ಮತ್ತೊಮ್ಮೆ ಏಳುತ್ತದೆ. ಹಾಗೆಂದು ಅದು ಕೊನೆಯಿಲ್ಲದೆ ಏರಲಾರದು. ದೇಹಕ್ಕೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ.

ಎಲ್ಲ ತಪ್ಪೂ ನಡೆಯುವುದು ಆ ತುದಿಯಲ್ಲೇ. ಭಯ ನೂರಕ್ಕೆ ತೊಂಬತ್ತಾದಾಗ ಕಬ್ಬನ್ ಪಾರ್ಕ್‌ನಲ್ಲಿ ಹಾರಿ ಇಳಿದರೆ ಭಯ ಕ್ಷಣದಲ್ಲಿ ಇಪ್ಪತ್ತಕ್ಕೆ ಬೀಳುತ್ತದೆ. ಮನಸ್ಸಿಗೆ ಅದು ಬಹಳ ದೊಡ್ಡ ಬಹುಮಾನ. ಇಳಿದದ್ದರಿಂದ ಬದುಕಿದೆ ಎಂದು ಅದು ಕಲಿಯುತ್ತದೆ. ಇನ್ನು 4 ನಿಮಿಷ ನಿಂತಿದ್ದರೂ ಭಯ ತಾನಾಗಿ ಇಳಿಯುತ್ತಿತ್ತು ಎನ್ನುವುದು ಅದಕ್ಕೆ ಗೊತ್ತಾಗುವ ಅವಕಾಶವೇ ಇರುವುದಿಲ್ಲ. ಹೀಗೆ ತಪ್ಪಿಸಿಕೊಳ್ಳುತ್ತ ವರ್ಷಗಳು ಕಳೆದರೆ ಹೆದರಿಕೆ ಮಾಸುವುದಿಲ್ಲ, ಬಲಿಯುತ್ತದೆ. ಕಾಲವೇ ಎಲ್ಲಕ್ಕೂ ಮದ್ದು ಎನ್ನುವ ಮಾತು ದುಃಖಕ್ಕೆ ಹೊಂದಬಹುದು. ತಪ್ಪಿಸಿಕೊಂಡು ಕಳೆದ ಕಾಲ ಭಯಕ್ಕೆ ಗೊಬ್ಬರವಾಗುತ್ತದೆ.

ಪುಸ್ತಕ, ಗಡಿಯಾರ, ಅಂಕ

ಜೇಬಿಗೆ ಹೋಗುವ ಒಂದು ಪುಸ್ತಕ, ಪೆನ್ನು, ಸೆಕೆಂಡಿನ ಮುಳ್ಳಿರುವ ಸಾದಾ ಕೈಗಡಿಯಾರ, ಮೆಟ್ರೊ ಕಾರ್ಡ್, ಇಷ್ಟು ಸಾಕು. ನಾಡಿ ತೋರಿಸುವ ಸ್ಮಾರ್ಟ್‌ವಾಚ್ ಬೇಡ. ನಾಡಿ 118 ಎಂದು ಕಂಡ ಕೂಡಲೇ ಅದು 126 ಆಗುತ್ತದೆ.

ಭಯಕ್ಕೆ ಅಂಕ ಕೊಡುವುದನ್ನು ರೂಢಿಗೆ ತಂದವರು ಮನೋವೈದ್ಯ ಜೋಸೆಫ್ ವೋಲ್ಪಿ. ಪರೀಕ್ಷೆಯ ಅಂಕದಂತೆ ನೂರಕ್ಕೆ ಎಷ್ಟು ಎಂದು ಹಾಕಿಕೊಳ್ಳಿ. ಮನೆಯ ಜಗಲಿಯಲ್ಲಿ ಕೂತಂತೆ ಇದ್ದರೆ 0, ಇದಕ್ಕಿಂತ ಹೆಚ್ಚು ಭಯ ಸಾಧ್ಯವಿಲ್ಲ ಅನ್ನಿಸಿದರೆ 100. ಹತ್ತರ ಲೆಕ್ಕದಲ್ಲಿ ಸಾಕು. 63ಕ್ಕೂ 66ಕ್ಕೂ ವ್ಯತ್ಯಾಸ ಹುಡುಕುತ್ತ ಕೂರಬೇಡಿ.

ಪ್ರತಿ ಸಲಕ್ಕೂ ಒಂದು ಪುಟ. ಹೊರಡುವ ಮೊದಲು ದಿನ, ಜಾಗ, ಎಷ್ಟು ನಿಮಿಷ ಇರಬೇಕು, ಏನಾಗುತ್ತದೆ ಎಂದು ಹೆದರಿಕೆ ಇದೆ, ಇಷ್ಟನ್ನು ಬರೆಯಿರಿ. ಕೊನೆಯದನ್ನು ಬಿಡಿಸಿ ಬರೆಯಬೇಕು. "ಕೆಟ್ಟದಾಗುತ್ತೆ" ಎಂದು ಬರೆದರೆ ಅದು ಆಯಿತೋ ಇಲ್ಲವೋ ಎಂದು ಆಮೇಲೆ ನೋಡಲಾಗದು. "ಎರಡು ನಿಮಿಷದೊಳಗೆ ಉಸಿರು ಕಟ್ಟಿ ಬಿದ್ದುಹೋಗ್ತೀನಿ", "ಕೂಗಿಕೊಂಡು ಬಾಗಿಲು ಬಡೀತೀನಿ, ಜನ ನೋಡ್ತಾರೆ" ಎಂದು ಬರೆದರೆ ನೋಡಬಹುದು. ಮುಗಿದ ಮೇಲೆ ಭಯ ತುದಿ ಮುಟ್ಟಿದಾಗಿನ ಅಂಕ, ಕೊನೆಯ ಅಂಕ, ಎಷ್ಟು ಹೊತ್ತಾಯಿತು ಅನ್ನಿಸಿತು, ಗಡಿಯಾರದಲ್ಲಿ ಎಷ್ಟಾಗಿತ್ತು, ಹೆದರಿದ್ದು ನಡೆಯಿತೇ, ಇವನ್ನು ಬರೆಯಿರಿ. ಮಾದರಿಗೆ ಒಂದು ಪುಟ:

ಮಂಗಳವಾರ, ಬೆಳಿಗ್ಗೆ 11.20. ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕ್. ಹೆದರಿಕೆ: ಉಸಿರು ಕಟ್ಟಿ ಬೀಳ್ತೀನಿ. ಹತ್ತುವಾಗ 60, ತುದಿಯಲ್ಲಿ 80, ಇಳಿಯುವಾಗ 70. ಅನ್ನಿಸಿದ್ದು 6 ನಿಮಿಷ. ಗಡಿಯಾರದಲ್ಲಿ 2 ನಿಮಿಷ 10 ಸೆಕೆಂಡ್. ಬಿದ್ದೆನಾ: ಇಲ್ಲ. ಕೈ ಜುಮ್ಮೆಂದಿತು.

ಗಡಿಯಾರ ನೋಡುವುದಕ್ಕೆ ಒಂದು ಕಟ್ಟುನಿಟ್ಟಾದ ಕ್ರಮವಿದೆ: ಮೊದಲು ಊಹೆ, ಆಮೇಲೆ ಗಡಿಯಾರ. ರೈಲು ಹೊರಟಾಗ ಒಮ್ಮೆ ನೋಡಿ, ಮುಂದಿನ ಬಾಗಿಲು ತೆರೆದಾಗ "ಇಷ್ಟು ಹೊತ್ತಾಗಿರಬೇಕು" ಎಂದು ಮನಸ್ಸಿನಲ್ಲಿ ಹೇಳಿಕೊಂಡು ನಂತರ ನೋಡಿ. ನಡುವೆ ನೋಡಕೂಡದು. ಐದೈದು ಸೆಕೆಂಡಿಗೆ ಮುಳ್ಳು ನೋಡುತ್ತಿದ್ದರೆ ಹೊತ್ತು ಇನ್ನಷ್ಟು ಹಿಗ್ಗುತ್ತದೆ, ಗಡಿಯಾರವೇ ಊರುಗೋಲಾಗುತ್ತದೆ. ಎರಡನೇ, ಮೂರನೇ ವಾರಕ್ಕೆ ಊಹೆಗೂ ಗಡಿಯಾರಕ್ಕೂ ಇರುವ ಅಂತರ ಕಡಿಮೆಯಾಗತೊಡಗುತ್ತದೆ. ಭಯದ ಅಂಕ ಇನ್ನೂ ಇಳಿಯದಿದ್ದರೂ ಎಷ್ಟೋ ಸಲ ಈ ಅಂತರ ಮೊದಲು ಇಳಿಯುತ್ತದೆ. ಅದು ಒಳ್ಳೆಯ ಸೂಚನೆ.

ಮೊದಲ ವಾರ ಮನೆಯಲ್ಲೇ

ಸುರಂಗಕ್ಕೆ ಹೆದರುವವರಲ್ಲಿ ಹೆಚ್ಚಿನವರು ನಿಜಕ್ಕೂ ಹೆದರುವುದು ಒಳಗೆ ತಮ್ಮ ದೇಹಕ್ಕೆ ಆಗುವುದಕ್ಕೆ. ಹಾಗಾಗಿ ದೇಹಕ್ಕೆ ಅದನ್ನು ಮನೆಯಲ್ಲೇ ಮಾಡಿಸಿ ನೋಡಬೇಕು. ನಿಂತಲ್ಲೇ ಮಂಡಿ ಎತ್ತಿ 1 ನಿಮಿಷ ಓಡಿ, ಎದೆ ಬಡಿದುಕೊಳ್ಳುತ್ತದೆ. ತಿರುಗುವ ಕುರ್ಚಿಯಲ್ಲಿ 30 ಸೆಕೆಂಡ್ ಸುತ್ತಿ, ತಲೆ ತಿರುಗುತ್ತದೆ. ಜ್ಯೂಸ್ ಪೊಟ್ಟಣದ ಜೊತೆ ಬರುವ ಸಣ್ಣ ಸ್ಟ್ರಾ ಬಾಯಲ್ಲಿಟ್ಟು, ಮೂಗು ಹಿಡಿದು 1 ನಿಮಿಷ ಅದರಲ್ಲೇ ಉಸಿರಾಡಿ. ಗಾಳಿ ಸಾಲದು ಅನ್ನಿಸುತ್ತದೆ. ಎಳನೀರಿನ ಸ್ಟ್ರಾ ದಪ್ಪ, ಅದರಲ್ಲಿ ಪರಿಣಾಮ ಗೊತ್ತಾಗುವುದಿಲ್ಲ. ಬೇಗಬೇಗ ಆಳವಾಗಿ 1 ನಿಮಿಷ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ, ಸುತ್ತಲಿನದು ಕನಸಿನಂತೆ ಕಾಣುತ್ತದೆ. ಮೆಟ್ರೊದಲ್ಲಿ ಕೈ ಜುಮ್ಮೆಂದದ್ದಕ್ಕೆ ಕಾರಣ ಇದೇ.

ಪ್ರತಿಯೊಂದನ್ನೂ ಮೂರು ಸಲ, ನಡುವೆ ಒಂದೆರಡು ನಿಮಿಷ ಬಿಟ್ಟು, ದಿನಕ್ಕೆ ಒಮ್ಮೆ ಮಾಡಿ. ಪ್ರತಿ ಸಲವೂ ಲಕ್ಷಣ ಪೂರ್ತಿ ಹೋಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆಯಿರಿ. ನಾಲ್ಕರಲ್ಲಿ ಯಾವುದು ನಿಮ್ಮ ಗಾಬರಿಗೆ ಹೆಚ್ಚು ಹತ್ತಿರ ಅನ್ನಿಸುತ್ತದೋ ಅದನ್ನೇ ಎರಡನೇ ವಾರವೂ ಮುಂದುವರಿಸಿ, ಉಳಿದವು ಬೇಡ.

ಪ್ರಜ್ಞೆ ತಪ್ಪಿ ಬೀಳುವ ಹೆದರಿಕೆಯ ಬಗ್ಗೆ ಒಂದು ಮಾತು. ಗಾಬರಿಯಲ್ಲಿ ರಕ್ತದೊತ್ತಡ ಏರುತ್ತದೆ. ಪ್ರಜ್ಞೆ ತಪ್ಪಲು ಅದು ಕುಸಿಯಬೇಕು. ಆದ್ದರಿಂದ ಸುರಂಗದ ಗಾಬರಿಯಲ್ಲಿ ಬೀಳುವುದು ಅಪರೂಪ. ರಕ್ತ, ಸೂಜಿ, ಗಾಯ ಕಂಡರೆ ಹೆದರುವವರ ವಿಷಯ ಬೇರೆ, ಅವರಿಗೆ ಒತ್ತಡ ನಿಜಕ್ಕೂ ಕುಸಿಯುತ್ತದೆ. ಅಂಥವರು ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿಹಿಡಿದು, ಮುಖ ಬಿಸಿಯಾದಾಗ ಸಡಿಲಿಸಿ, 20–30 ಸೆಕೆಂಡ್ ಬಿಟ್ಟು ಮತ್ತೆ ಬಿಗಿಹಿಡಿಯಬೇಕು. ಹೀಗೆ ಐದು ಸಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಊಸ್ಟ್ ಬೆಳೆಸಿದ ವಿಧಾನವಿದು. ರಕ್ತ ಕೊಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಮೆಟ್ಟಿಲುಗಳು

ಎರಡನೇ ವಾರದಿಂದ ವಾರಕ್ಕೆ 4–5 ದಿನ, ಪ್ರತಿ ಸಲ 45ರಿಂದ 60 ನಿಮಿಷ ಬೇಕು. ಭಾನುವಾರ ಒಂದೇ ದಿನ ಮಾಡುತ್ತೇನೆ ಎಂದರೆ ಆಗದು. ಒಂದು ವಾರದ ಅಂತರದಲ್ಲಿ ಭಯ ಮೊದಲಿನ ಜಾಗಕ್ಕೆ ಬಂದು ಕೂತಿರುತ್ತದೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 4ರ ನಡುವೆ ಜನ ಕಡಿಮೆ, ಶುರುವಿಗೆ ಅದೇ ಸರಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವಿರುವ ದಿನ ಕಬ್ಬನ್ ಪಾರ್ಕ್ ನಿಲ್ದಾಣ ಕಿಕ್ಕಿರಿದಿರುತ್ತದೆ, ಮೊದಲ ವಾರಗಳಲ್ಲಿ ಆ ದಿನ ಬೇಡ.

1. ಇಂದಿರಾನಗರದಿಂದ ಎಂ.ಜಿ. ರಸ್ತೆವರೆಗೆ, ಪೂರ್ತಿ ಮೇಲ್ಸೇತುವೆಯ ದಾರಿ. ಕಿಟಕಿಯಿಂದ ದೂರ, ಬೋಗಿಯ ಮಧ್ಯದಲ್ಲಿ ನಿಂತು ಹೋಗಿ ಬನ್ನಿ.

2. ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ರಸ್ತೆಯಿಂದ ಇಳಿದು, ಗೇಟಿನ ಈಚೆಗೆ 30 ನಿಮಿಷ ನಿಲ್ಲಿ. ಟಿಕೆಟ್ ಬೇಕಿಲ್ಲ. ಭದ್ರತಾ ಸಿಬ್ಬಂದಿ ಕೇಳಿದರೆ "ಸುರಂಗಕ್ಕೆ ಹೆದರಿಕೆ ಇದೆ ಸಾರ್, ಅಭ್ಯಾಸ ಮಾಡ್ಕೊಳ್ತಿದ್ದೀನಿ" ಎಂದು ಇದ್ದುದನ್ನು ಇದ್ದಂತೆ ಹೇಳಿ.

3. ಒಳಗೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಎರಡು ರೈಲು ಬಿಟ್ಟು ಹೊರಗೆ ಬನ್ನಿ. ಒಳಗಿರುವುದಕ್ಕೆ ಮೆಟ್ರೊದಲ್ಲಿ ಸಮಯದ ಮಿತಿ ಇದೆ, ಮೀರಿದರೆ ಹೆಚ್ಚುವರಿ ಹಣ ಕಟ್ಟಬೇಕು. ಅವತ್ತಿನ ನಿಯಮ ಕೌಂಟರಿನಲ್ಲಿ ಕೇಳಿಕೊಳ್ಳಿ.

4. ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕ್, ಒಂದೇ ನಿಲ್ದಾಣ. ಹೊರಬಂದು ಮತ್ತೆ ವಾಪಸ್. ಒಂದು ದಿನಕ್ಕೆ ಆರು ಸಲ.

5. ಎಂ.ಜಿ. ರಸ್ತೆಯಿಂದ ವಿಧಾನಸೌಧ, ಎರಡು ದಿನ ಬಿಟ್ಟು ಮೆಜೆಸ್ಟಿಕ್.

6. ಎಂ.ಜಿ. ರಸ್ತೆಯಿಂದ ಮಾಗಡಿ ರಸ್ತೆ, ಪೂರ್ತಿ ಸುರಂಗ, ಒಬ್ಬರೇ, ಹೋಗಿ ಬನ್ನಿ.

7. ಅದೇ ಪಯಣ, ಬೆಳಿಗ್ಗೆ 9.30ರ ಕಚೇರಿ ನೂಕುನುಗ್ಗಲಿನಲ್ಲಿ, ಬಾಗಿಲಿನಿಂದ ದೂರ ನಿಂತು.

8. ಹಸಿರು ಮಾರ್ಗ: ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ದಾಟಿ ನ್ಯಾಷನಲ್ ಕಾಲೇಜು.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಪೂರ್ತಿ ಮೇಲ್ಸೇತುವೆಯಲ್ಲಿದೆ. ಈ ಭಯಕ್ಕೆ ಅದು ಅಭ್ಯಾಸವಾಗದು, ಮೊದಲ ಮೆಟ್ಟಿಲಿಗೆ ಮಾತ್ರ ಬಳಸಬಹುದು.

ಒಂದು ಮೆಟ್ಟಿಲಿನ ಅಂಕ 40ರಿಂದ 70ರ ನಡುವೆ ಇರಲಿ. 20 ಇದ್ದರೆ ಅದರಿಂದ ಕಲಿಯುವುದೇನಿಲ್ಲ. 90 ಇದ್ದರೆ ಓಡಿಹೋಗುವ ಸಾಧ್ಯತೆ ಹೆಚ್ಚು, ಹಾಗಾಗಿ ಆ ಮೆಟ್ಟಿಲನ್ನು ಎರಡಾಗಿ ಒಡೆಯಿರಿ. ಒಂದೇ ಮೆಟ್ಟಿಲಿನಲ್ಲಿ ಎರಡು ದಿನ ಹೆದರಿದ್ದು ನಡೆಯದೆ ಮುಗಿದರೆ ಮುಂದಕ್ಕೆ ಹೋಗಬಹುದು.

ಆ ಎರಡು ನಿಮಿಷ

ನಾಲ್ಕನೇ ಮೆಟ್ಟಿಲನ್ನು ಹತ್ತಿರದಿಂದ ನೋಡೋಣ, ಕಷ್ಟ ಇರುವುದು ಅಲ್ಲೇ. ಎಂ.ಜಿ. ರಸ್ತೆಯಲ್ಲಿ ಬಾಗಿಲು ಮುಚ್ಚುತ್ತದೆ. "ಮುಂದಿನ ನಿಲ್ದಾಣ" ಎನ್ನುವ ದನಿ ಕೇಳುತ್ತದೆ. ಗಡಿಯಾರ ನೋಡಿ, ತೋಳಿನ ಅಂಗಿ ಅದರ ಮೇಲೆ ಎಳೆದುಬಿಡಿ. ಹಳಿ ಇಳಿಜಾರಾಗುತ್ತದೆ, ಎರಡೂ ಬದಿ ಗೋಡೆ ಏಳುತ್ತದೆ, ಕಿಟಕಿಯ ಬೆಳಕು ಹೋಗಿ ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಸದ್ದು ಬದಲಾಗುತ್ತದೆ, ಇಷ್ಟು ಹೊತ್ತು ಹೊರಗೆ ಚೆದುರಿಹೋಗುತ್ತಿದ್ದ ಗಡಗಡ ಈಗ ಬೋಗಿಯನ್ನೇ ಸುತ್ತಿಕೊಳ್ಳುತ್ತದೆ. ಹೆಚ್ಚಿನವರಿಗೆ ಭಯ ತುದಿ ಮುಟ್ಟುವುದು ಇಲ್ಲೇ, ಬೆಳಕು ಹೋದ ಮೊದಲ 20–30 ಸೆಕೆಂಡಿನಲ್ಲಿ.

ಆಗ ಮಾಡಬೇಕಾದ್ದು ಸಣ್ಣದು. ಕಂಬ ಹಿಡಿದ ಕೈಯ ಬಿಗಿ ಸ್ವಲ್ಪ ಸಡಿಲಿಸಿ. ಆಗುತ್ತಿರುವುದನ್ನು ಮನಸ್ಸಿನಲ್ಲೇ ಹೆಸರಿಟ್ಟು ಹೇಳಿ: "ಎದೆ ಹೊಡ್ಕೊಳ್ತಿದೆ. ಗಂಟಲು ಒಣಗಿದೆ. ಅಂಕ 80." ಅದನ್ನು ಇಳಿಸಲು ಹೋಗಬೇಡಿ. ಉಸಿರನ್ನು ಅದರ ಪಾಡಿಗೆ ಬಿಡಿ. ತೀರಾ ಏದುಸಿರಾದರೆ ಮಾತ್ರ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ, ನಾಲ್ಕೈದು ಸಲ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಸಲಹೆ ಬಿಟ್ಟುಬಿಡಿ, ಉಬ್ಬಸ ಅಥವಾ ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ.

ಬಾಗಿಲು ತೆರೆದಾಗ ಊಹೆ ಹೇಳಿಕೊಳ್ಳಿ, ಅಂಗಿ ಸರಿಸಿ ಗಡಿಯಾರ ನೋಡಿ, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆದರಾಯಿತು ಎಂದರೆ ಅಷ್ಟರಲ್ಲಿ ನೆನಪು ಹಿಗ್ಗಿರುತ್ತದೆ, 6 ನಿಮಿಷದ ಊಹೆ 10 ಆಗಿರುತ್ತದೆ.

ಒಂದು ದಿನದ ಕೊನೆಗೂ ಅಂಕ 70ರಲ್ಲೇ ನಿಂತಿದ್ದರೆ ಏನು ಮಾಡಬೇಕು? ಭಯ ಅರ್ಧಕ್ಕೆ ಇಳಿಯದೆ ಜಾಗ ಬಿಡಬಾರದು ಎನ್ನುವುದು ಹಳೆಯ ನಿಯಮ. ಲಾಸ್ ಏಂಜಲೀಸ್‌ನ ಮನಶ್ಶಾಸ್ತ್ರಜ್ಞೆ ಮಿಶೆಲ್ ಕ್ರಾಸ್ಕೆ ಮತ್ತು ಸಹೋದ್ಯೋಗಿಗಳು ಇದನ್ನು ತಿದ್ದಿದರು. ಅವತ್ತೇ ಇಳಿಯಲೇಬೇಕೆಂದಿಲ್ಲ, ಹೆದರಿದ್ದು ನಡೆಯಲಿಲ್ಲ ಎನ್ನುವುದು ಮನಸ್ಸಿಗೆ ತಟ್ಟಿದರೆ ಕಲಿಕೆ ಆಗುತ್ತದೆ ಎಂದು ತೋರಿಸಿದರು. ಆದ್ದರಿಂದ ನಿಮಿಷಗಳನ್ನು ಮೊದಲೇ ಗೊತ್ತುಮಾಡಿ, ಅಷ್ಟನ್ನು ಪೂರೈಸಿ ಹೊರಬನ್ನಿ. ಮುಗಿಯುವ ಹೊತ್ತಿಗೆ ಭಯ ಸರಿಯಾಗಿ ತುದಿಯಲ್ಲೇ ಇದ್ದರೆ ಮಾತ್ರ ಇನ್ನೊಂದು 10 ನಿಮಿಷ ನಿಲ್ದಾಣದಲ್ಲೇ ಇರಿ.

ಊರುಗೋಲುಗಳು

ಜೇಬಿನಲ್ಲಿ ಇರಲೇಬೇಕು ಅನ್ನಿಸುವ ನೀರಿನ ಬಾಟಲಿ, ಬಾಗಿಲಿನ ಪಕ್ಕದ ಜಾಗ, ಕಿವಿಗೆ ಹಾಡು, ಮೊಬೈಲಿನಲ್ಲಿ ರೀಲ್ಸ್, ಸುರಂಗ ಮುಗಿಯುವವರೆಗೂ ಅಮ್ಮನಿಗೆ ಫೋನ್. ಇವು ಇದ್ದರೆ "ಬಾಟಲಿ ಇತ್ತು, ಅದಕ್ಕೇ ಬದುಕಿದೆ" ಎಂದು ಮನಸ್ಸು ಲೆಕ್ಕ ಮುಗಿಸುತ್ತದೆ. ಒಂದೇ ದಿನ ಎಲ್ಲವನ್ನೂ ಕಿತ್ತೆಸೆಯಬೇಡಿ, ಮೆಟ್ಟಿಲಿಗೆ ಒಂದರಂತೆ ಬಿಡಿ. ದೇವರ ಸ್ಮರಣೆಯ ವಿಷಯ ಸೂಕ್ಷ್ಮ. ಮನೆಯಲ್ಲಿ ಕೈಮುಗಿದು ಹೊರಡುವುದಕ್ಕೆ, ಮುಗಿದ ಮೇಲೆ ನೆನೆಯುವುದಕ್ಕೆ ಏನೂ ಅಡ್ಡಿಯಿಲ್ಲ. ಭಯ ಗೊತ್ತಾಗಬಾರದೆಂದು ಆ 2 ನಿಮಿಷವೂ ಬಿಡದೆ ಜಪಿಸಿದರೆ ಮಾತ್ರ ಭಯ ತಾನಾಗಿ ಇಳಿಯುವುದನ್ನು ನೋಡುವ ಅವಕಾಶ ತಪ್ಪುತ್ತದೆ.

ಆತಂಕ ತಗ್ಗಿಸುವ ಅಲ್ಪ್ರಾಜೊಲಾಮ್‌ನಂಥ ಮಾತ್ರೆ ನುಂಗಿ ಹೋದರೆ ಅಭ್ಯಾಸ ಫಲಿಸುವುದು ಕಷ್ಟ, ಕಲಿತದ್ದು ಮಾತ್ರೆಯ ಮಂಪರಿಗೆ ಅಂಟಿಕೊಂಡಿರುತ್ತದೆ. ಆದರೆ ದಿನವೂ ತೆಗೆದುಕೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯವಿದೆ. ಬರೆದುಕೊಟ್ಟ ವೈದ್ಯರ ಜೊತೆ ಮಾತಾಡಿ ಹಂತಹಂತವಾಗಿ ಇಳಿಸಿಕೊಳ್ಳಿ. ಕಾಫಿ ಬಿಡಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ನೇರ ನಿಲ್ದಾಣಕ್ಕೆ ಹೋಗಬೇಡಿ, ಬೈಟೂ ಕುಡಿದು ಒಂದು ಗಂಟೆ ಬಿಟ್ಟು ಹೋಗಿ.

ಸುರಂಗದಲ್ಲಿ ಗಾಳಿ ಆಡಿಸುವ ವ್ಯವಸ್ಥೆ ಇದೆ, ಬೋಗಿಯ ಬಾಗಿಲ ಬಳಿ ಚಾಲಕರೊಂದಿಗೆ ಮಾತಾಡುವ ತುರ್ತು ಗುಂಡಿ ಇದೆ. ಇದನ್ನು ಒಮ್ಮೆ ಓದಿಕೊಳ್ಳಿ. ಪ್ರತಿ ಸಲ ಹೊರಡುವ ಮೊದಲು ಮತ್ತೆ ಹುಡುಕಿ ಓದುವುದೂ ಒಂದು ಊರುಗೋಲೇ.

ಜೊತೆಗೆ ಬರುವವರಿಗೆ

ನಾಲ್ಕನೇ, ಐದನೇ ಮೆಟ್ಟಿಲಿಗೆ ಮನೆಯವರೊಬ್ಬರು ಬರಬಹುದು. ಮೊದಲ ದಿನ ಪಕ್ಕದಲ್ಲಿ, ಎರಡನೇ ದಿನ ಅದೇ ಬೋಗಿಯ ಇನ್ನೊಂದು ತುದಿಯಲ್ಲಿ, ಮೂರನೇ ದಿನ ಮುಂದಿನ ನಿಲ್ದಾಣದಲ್ಲಿ ಕಾಯುತ್ತ. "ಏನೂ ಆಗಲ್ಲ ಬಿಡೇ, ಮಕ್ಕಳೆಲ್ಲ ಹೋಗ್ತಾರೆ" ಎನ್ನಬೇಡಿ, ಹೆದರಿದವರಿಗೆ ಅದು ಅವಮಾನ. "ಪಾಪ, ಇಳಿದುಬಿಡೋಣ ಬಾ" ಎನ್ನುವುದು ಇನ್ನೂ ಕೆಟ್ಟದ್ದು. "ಈಗ ಎಷ್ಟು ಅಂಕ ಅಕ್ಕ?" ಎಂದು ಒಮ್ಮೆ ಕೇಳಿ. ಇಳಿಯಬೇಕು ಎಂದರೆ "ಮುಂದಿನ ಸ್ಟಾಪ್‌ವರೆಗೂ ನೋಡೋಣ, ಆಮೇಲೆ ನೀನು ಹೇಳಿದ ಹಾಗೆ" ಎನ್ನಿ. ಮೋಸದಿಂದ ಕರೆದುಕೊಂಡು ಹೋಗುವುದು, ಸುರಂಗವಿಲ್ಲ ಎಂದು ಹೇಳಿ ಹತ್ತಿಸುವುದು ಯಾವತ್ತೂ ಕೂಡದು. ಅದರಿಂದ ಭಯದ ಜೊತೆ ಅಪನಂಬಿಕೆಯೂ ಸೇರಿ ಮುಂದಿನ ಆರು ತಿಂಗಳ ಕೆಲಸ ಕೆಡುತ್ತದೆ.

ನಡುವೆ ಇಳಿದುಬಿಟ್ಟರೆ

ಇಳಿದುಬಿಡುತ್ತೀರಿ, ಒಂದೆರಡು ಸಲ ಎಲ್ಲರೂ ಇಳಿಯುತ್ತಾರೆ. ನಿಲ್ದಾಣದಿಂದ ಹೊರಗೆ ಮಾತ್ರ ಹೋಗಬೇಡಿ. ಬೆಂಚಿನಲ್ಲಿ ಕೂತು ಅಂಕ ಬರೆಯಿರಿ, ಅದು 50ಕ್ಕೆ ಬಂದ ಕೂಡಲೇ, ಸಾಧ್ಯವಾದರೆ 15 ನಿಮಿಷದೊಳಗೆ, ಮತ್ತೆ ಹತ್ತಿ. ಅವತ್ತೇ ಹತ್ತಿದರೆ ಇಳಿದದ್ದು ಲೆಕ್ಕಕ್ಕಿಲ್ಲ. "ನಾಳೆ ಬರ್ತೀನಿ" ಎಂದು ಮೇಲೆ ಹೋದರೆ ಮರುದಿನದ ಅಂಕ 20 ಹೆಚ್ಚಿರುತ್ತದೆ.

ರೈಲು ಸುರಂಗದ ನಡುವೆ ನಿಂತರೆ ಅದು ಬೇಡಿ ಪಡೆಯಲಾಗದ ಮೆಟ್ಟಿಲು. ಮುಂದೆ ಹೋಗುತ್ತಿರುವ ರೈಲು ನಿಲ್ದಾಣ ಬಿಡುವವರೆಗೆ ಹೀಗೆ ನಿಲ್ಲುವುದುಂಟು. ಕೂಡಲೇ ಗಡಿಯಾರ ನೋಡಿ, ಅಂಗಿ ಎಳೆದುಕೊಳ್ಳಿ, ರೈಲು ಚಲಿಸಿದಾಗ ಊಹಿಸಿ ನೋಡಿ. ಎಷ್ಟು ಅನ್ನಿಸಿತು, ಎಷ್ಟಾಗಿತ್ತು ಎನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಇಡೀ ಪುಸ್ತಕದಲ್ಲಿ ಮುಂದೆ ಹೆಚ್ಚು ಉಪಯೋಗಕ್ಕೆ ಬರುವ ಪುಟ ಅದೇ.

ಆರು ವಾರದ ಆಚೆಗೆ

ಕಲಿತ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ. ಅಭ್ಯಾಸ ನಿಂತು ಕಾಲ ಕಳೆದರೆ ಹಳೆಯದು ಮತ್ತೆ ತಲೆ ಎತ್ತುತ್ತದೆ ಎನ್ನುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ತನ್ನ ನಾಯಿಗಳಲ್ಲೇ ಕಂಡಿದ್ದ. ಗಂಟೆ ಬಾರಿಸಿ ಅನ್ನ ಹಾಕಿ ರೂಢಿಯಾದ ನಾಯಿಗಳಿಗೆ ಗಂಟೆಯ ಸದ್ದಿಗೇ ಜೊಲ್ಲು ಸುರಿಯುತ್ತಿತ್ತು. ಗಂಟೆಗೂ ಅನ್ನಕ್ಕೂ ನಂಟು ಕಡಿದ ಮೇಲೆ ನಿಂತುಹೋಗಿದ್ದ ಜೊಲ್ಲು, ಸ್ವಲ್ಪ ಕಾಲ ಬಿಟ್ಟು ಗಂಟೆ ಬಾರಿಸಿದಾಗ ಮತ್ತೆ ಸುರಿದಿತ್ತು. ಜಾಗ ಬದಲಾದರೂ ಹೀಗೆ ಆಗುತ್ತದೆ. ನೇರಳೆ ಮಾರ್ಗದಲ್ಲೇ ಮಾಡಿ ನಿಲ್ಲಿಸಿದವರಿಗೆ ಚಿಕ್ಕಪೇಟೆಯಲ್ಲಿ ಭಯ ಮರಳುವುದು ಇದಕ್ಕೇ. ಎಂಟನೇ ಮೆಟ್ಟಿಲನ್ನು ಬಿಡಬಾರದು ಎನ್ನುವುದೂ ಇದಕ್ಕೇ.

ಮುಗಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: 1 ವಾರಕ್ಕೆ, 2 ವಾರಕ್ಕೆ, 1 ತಿಂಗಳಿಗೆ, 3 ತಿಂಗಳಿಗೆ, 6 ತಿಂಗಳಿಗೆ, 1 ವರ್ಷಕ್ಕೆ. ಪ್ರತಿ ಸಲ ಒಂದು ಪೂರ್ತಿ ಪಯಣ, ಒಂದು ಪುಟ. ಒಮ್ಮೆ ಸಂಜೆ 6.30ಕ್ಕೆ, ಒಮ್ಮೆ ಮಳೆಯ ದಿನ, ಒಮ್ಮೆ ನಿದ್ದೆಗೆಟ್ಟ ಮರುದಿನ ಮಾಡಿ. ಮೂರನೇ ತಿಂಗಳಲ್ಲಿ ಅಂಕ ದಿಢೀರನೆ 60ಕ್ಕೆ ಏರಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ. ಎರಡು ಮೆಟ್ಟಿಲು ಕೆಳಗಿಳಿದು ಒಂದು ವಾರ ಮಾಡಿ. ಮೊದಲ ಸಲ ಎರಡು ವಾರ ಹಿಡಿದದ್ದು ಈಗ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಹತ್ತುವ ಮೊದಲು ಪುಸ್ತಕದ ಮೊದಲ ಪುಟ ತೆಗೆದು, 6 ನಿಮಿಷ ಅನ್ನಿಸಿದ ಆ 2 ನಿಮಿಷ 10 ಸೆಕೆಂಡನ್ನು ಒಮ್ಮೆ ಓದಿಕೊಳ್ಳಿ.